ಪಾಲಿಸಿಯ ವರ್ಷ ಮುಗಿಯುತ್ತಿದೆ, ಪ್ರವಾಸ ಮುಂದಿದೆ: ಮೊದಲೇ ಕಾಯ್ದಿರಿಸಿದ್ದಕ್ಕೆ ವಿಮೆಯ ರಕ್ಷಣೆ ಇದೆಯೇ?

ಪ್ರಶ್ನೆ: ನಮ್ಮ ಕುಟುಂಬಕ್ಕೆ ವಾರ್ಷಿಕ ಪ್ರವಾಸ ವಿಮೆ ಇದೆ. ಅದರ ಅವಧಿ ಆಗಸ್ಟ್ 20ರ ಮಧ್ಯರಾತ್ರಿಗೆ ಮುಗಿಯುತ್ತದೆ. ಸೆಪ್ಟೆಂಬರ್ 18ರಿಂದ 12 ದಿನಗಳ ವಿದೇಶ ಪ್ರವಾಸವನ್ನು ಮಾರ್ಚ್‌ನಲ್ಲೇ ಕಾಯ್ದಿರಿಸಿ ಮುಂಗಡ ಕಟ್ಟಿದ್ದೇವೆ. ಮೇ ತಿಂಗಳಲ್ಲಿ ಇನ್ನೊಂದು ವಿದೇಶ ಪ್ರವಾಸವನ್ನೂ ಕಾಯ್ದಿರಿಸಿದೆವು. ಅದು ಆಗಸ್ಟ್ 14ಕ್ಕೆ ಶುರುವಾಗಿ 25ಕ್ಕೆ ಮುಗಿಯುತ್ತದೆ. ಜೂನ್‌ನಲ್ಲಿ ನನ್ನ ಪತಿಗೆ ಎದೆ ಹಿಡಿದಂತಾಗಿ ಆಸ್ಪತ್ರೆಗೆ ಹೋದೆವು. ಹೃದಯಕ್ಕೆ ತೊಂದರೆಯಿಲ್ಲ, ರಕ್ತದೊತ್ತಡ ಹೆಚ್ಚಿದೆ ಎಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಆಗಸ್ಟ್ 27ಕ್ಕೆ ಮತ್ತೆ ತಪಾಸಣೆ ಇದೆ. ‘ಕಾಯ್ದಿರಿಸಿದ ದಿನ ಪಾಲಿಸಿ ಇತ್ತಲ್ಲ, ಅಷ್ಟು ಸಾಕು’ ಎನ್ನುತ್ತಾರೆ ನನ್ನ ಭಾವ. ‘ನವೀಕರಣ ಎಂದರೆ ಹಳೆಯದೇ ಮುಂದುವರಿದಂತೆ, ಮಾತ್ರೆಯ ವಿಷಯ ಹೇಳಿದರೆ ಸುಮ್ಮನೆ ಪ್ರೀಮಿಯಂ ಏರಿಸುತ್ತಾರೆ’ ಎನ್ನುತ್ತಾರೆ ಪತಿ. ಇನ್ನೊಂದು ಕಂಪನಿಯ ಪಾಲಿಸಿ ಅಗ್ಗಕ್ಕೆ ಸಿಗುತ್ತಿದೆ. ನಮ್ಮ ಜೊತೆ ಬರದ 78 ವರ್ಷದ ಅತ್ತೆಯವರ ಆರೋಗ್ಯವೂ ಅಷ್ಟಕ್ಕಷ್ಟೆ. ನಾವು ಏನು ಮಾಡಬೇಕು?

ಉತ್ತರ: ಹಣ ಕಟ್ಟಿಯಾಗಿದೆ, ನಡುವೆ ಪಾಲಿಸಿಯ ವರ್ಷ ಮುಗಿಯುತ್ತಿದೆ, ಅಷ್ಟರಲ್ಲಿ ಮನೆಯಲ್ಲೊಬ್ಬರ ಆರೋಗ್ಯ ಬದಲಾಗಿದೆ. ಇಂಥ ಹೊತ್ತಿನಲ್ಲಿ ಗಾಬರಿಯಾಗುವುದು ಸಹಜ. ನೀವು ಜುಲೈನಲ್ಲೇ ಕೇಳಿದ್ದೀರಿ ಎಂಬುದು ನನಗೆ ದೊಡ್ಡ ಸಮಾಧಾನ. ಆಗಸ್ಟ್ 14ಕ್ಕೆ ಮುಂಚೆ ಸರಿಪಡಿಸಿಕೊಳ್ಳಬಹುದಾದದ್ದು ಬಹಳಷ್ಟಿದೆ. 21ರ ನಂತರ ಕೇಳಿದ್ದರೆ ನಾನು ಹೇಳುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಮೊದಲು ನಿಮ್ಮ ಭಾವನವರ ಮಾತು. ಅದು ತಪ್ಪು, ಆದರೆ ತುಂಬ ಜನ ನಂಬಿರುವ ತಪ್ಪು. ಪ್ರವಾಸ ವಿಮೆಯಲ್ಲಿ ಯಾವ ಪಾಲಿಸಿ ಹಣ ಕೊಡಬೇಕು ಎಂಬುದನ್ನು ನಿರ್ಧರಿಸುವುದು ಟಿಕೆಟ್ ಕೊಂಡ ದಿನವಲ್ಲ, ತೊಂದರೆ ಎದುರಾದ ದಿನ. ಒಂದೇ ಪಾಲಿಸಿಯೊಳಗೆ ಎರಡು ಬಗೆಯ ರಕ್ಷಣೆ ಇರುತ್ತದೆ. ಹೊರಡುವ ಮೊದಲೇ ಪ್ರವಾಸ ರದ್ದಾದರೆ ಮುಂಗಡ ಮರಳಿಸುವ ರದ್ದತಿ ರಕ್ಷಣೆ ಒಂದು. ಅದು ಪಾಲಿಸಿ ಶುರುವಾದ ದಿನ ಅಥವಾ ಪ್ರವಾಸ ಕಾಯ್ದಿರಿಸಿದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅಂದಿನಿಂದ ಜಾರಿಗೆ ಬಂದು, ನೀವು ಹೊರಡುವವರೆಗೆ ಇರುತ್ತದೆ. ಇನ್ನೊಂದು ವೈದ್ಯಕೀಯ ವೆಚ್ಚ, ಕಳೆದ ಸಾಮಾನು, ಮಧ್ಯದಲ್ಲೇ ಮರಳಬೇಕಾದ ಸಂದರ್ಭ ಇತ್ಯಾದಿ. ಅದು ಮನೆ ಬಿಟ್ಟ ಮೇಲೆ ಶುರುವಾಗುತ್ತದೆ. ಪಾಲಿಸಿಯ ಅವಧಿ ಮುಗಿದರೆ ಎರಡೂ ನಿಲ್ಲುತ್ತವೆ. ನೀವು ನವೀಕರಿಸದೆ ಬಿಟ್ಟರೆ ಆಗಸ್ಟ್ 21ರ ಬೆಳಗ್ಗೆ ನಿಮ್ಮ ಸೆಪ್ಟೆಂಬರ್ ಪ್ರವಾಸಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ, ಅದನ್ನು ಮಾರ್ಚ್‌ನಲ್ಲೇ ಕಾಯ್ದಿರಿಸಿದ್ದರೂ ಸರಿ.

ನಿಮ್ಮ ಪತಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಅವಧಿ ತಪ್ಪದಂತೆ ನವೀಕರಿಸಿದರೆ, ಮೊದಲೇ ಕಾಯ್ದಿರಿಸಿದ ಪ್ರವಾಸಗಳನ್ನು ಹೊಸ ವರ್ಷದ ಪಾಲಿಸಿ ಸಾಮಾನ್ಯವಾಗಿ ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಈ ಹಿಂದೆ ಕಾಯ್ದಿರಿಸಿದ್ದು ಎಂಬ ಒಂದೇ ಕಾರಣಕ್ಕೆ ಯಾರೂ ನಿಮ್ಮನ್ನು ಹೊರಗಿಡುವುದಿಲ್ಲ. ಆದರೆ ನವೀಕರಣ ಹಳೆಯ ಒಪ್ಪಂದದ ಮುಂದುವರಿಕೆಯಲ್ಲ. ಹೆಸರು ಅದೇ, ಪಾಲಿಸಿ ಸಂಖ್ಯೆಯೂ ಅದೇ ಇರಬಹುದು, ಒಪ್ಪಂದ ಮಾತ್ರ ಹೊಸದು. ಹೊಸ ಒಪ್ಪಂದಕ್ಕೆ ಹೊಸ ಷರತ್ತು, ಹೊಸ ಘೋಷಣೆ (ಆರೋಗ್ಯದ ಬಗ್ಗೆ ಕಂಪನಿ ಕೇಳುವ ಪ್ರಶ್ನೆಗಳಿಗೆ ನೀವು ಕೊಡುವ ಉತ್ತರ). ‘ಪಾಲಿಸಿ ಪಡೆದ ದಿನ ಅಥವಾ ಪ್ರವಾಸ ಕಾಯ್ದಿರಿಸಿದ ದಿನ, ಯಾವುದು ನಂತರದ್ದೋ ಅಂದು, ಪ್ರವಾಸ ರದ್ದಾಗಬಹುದಾದ ಯಾವ ಕಾರಣವೂ ನಿಮಗೆ ಗೊತ್ತಿರಬಾರದು’ ಎಂಬ ಅರ್ಥದ ಷರತ್ತು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳಲ್ಲೂ ಇರುತ್ತದೆ. ನಿಮ್ಮ ವಿಷಯದಲ್ಲಿ ನಂತರದ್ದು ನವೀಕರಣದ ದಿನ. ಮಾರ್ಚ್‌ನಲ್ಲಿ ನಿಮಗೆ ಗೊತ್ತಿರದಿದ್ದ ರಕ್ತದೊತ್ತಡ ಆಗಸ್ಟ್‌ನಲ್ಲಿ ಗೊತ್ತಿರುವ ಸಂಗತಿಯಾಗುತ್ತದೆ.

ಇದು ಆರೋಗ್ಯಕ್ಕಷ್ಟೇ ಸೀಮಿತವಾದ ಮಾತಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ವಿಮಾನಗಳನ್ನು ದಿನಗಟ್ಟಲೆ ತಡೆದು ನಿಲ್ಲಿಸಿತು. ಬೂದಿ ಹರಡಿದ ಮೇಲೆ ಪಾಲಿಸಿ ಕೊಂಡವರಿಗೆ ಅದು ಗೊತ್ತಿದ್ದ ಘಟನೆ, ಹಾಗಾಗಿ ರಕ್ಷಣೆಯಿಲ್ಲ. 2020ರಲ್ಲಿ ಇದೇ ಸಂಗತಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ಹೊಸ ಕೊರೊನಾ ಸೋಂಕಿನ ಬಗ್ಗೆ ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು, ಮಾರ್ಚ್ 11ರಂದು ಅದನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು. ಆ ವಾರಗಳಲ್ಲಿ ಅನೇಕ ಕಂಪನಿಗಳು ಹೊಸ ಪಾಲಿಸಿಗಳಿಂದಲೂ ನವೀಕರಣಗಳಿಂದಲೂ ಆ ಕಾರಣದ ರದ್ದತಿಯನ್ನು ಹೊರಗಿಟ್ಟವು. ಒಂದೇ ವಿಮಾನಕ್ಕೆ ಒಂದೇ ದಿನ ಟಿಕೆಟ್ ಕೊಂಡ ಇಬ್ಬರಲ್ಲಿ, ಪಾಲಿಸಿಯ ವರ್ಷ ಜೂನ್‌ವರೆಗೆ ಇದ್ದವರಿಗೆ ರಕ್ಷಣೆ ಉಳಿದಿರಬಹುದಿತ್ತು, ಮಾರ್ಚ್ ಕೊನೆಗೆ ನವೀಕರಿಸಿಕೊಂಡವರಿಗೆ ಅದು ಕೈತಪ್ಪಿತು. ಇಬ್ಬರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ.

ಇನ್ನು ನಿಮ್ಮ ಪತಿಯ ಆರೋಗ್ಯ. ಇದನ್ನು ಕೊಂಚ ವಿವರವಾಗಿಯೇ ಹೇಳಬೇಕು.

ಕ್ಲೇಮ್ ಕಡತವೊಂದು ಮೇಜಿಗೆ ಬಂದಾಗ ಅದನ್ನು ಪರಿಶೀಲಿಸುವವರು ಮೊದಲು ಮಾಡುವ ಕೆಲಸ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುವುದು. ಕಾಯ್ದಿರಿಸಿದ ರಸೀದಿಯ ದಿನಾಂಕ, ಪಾಲಿಸಿ ಶುರುವಾದ ದಿನಾಂಕ, ಮೊದಲ ಲಕ್ಷಣ ಕಂಡ ದಿನಾಂಕ, ವೈದ್ಯರು ಪ್ರಯಾಣ ಬೇಡ ಎಂದ ದಿನಾಂಕ, ರದ್ದು ಮಾಡಿದ ದಿನಾಂಕ. ಮೂರನೆಯದನ್ನು ಅವರು ನಿಮ್ಮನ್ನು ಕೇಳಿ ಬರೆದುಕೊಳ್ಳುವುದಿಲ್ಲ. ಕ್ಲೇಮ್ ಅರ್ಜಿಯ ಜೊತೆಗಿರುವ ವೈದ್ಯಕೀಯ ಪ್ರಮಾಣಪತ್ರವನ್ನು ನಿಮ್ಮ ವೈದ್ಯರೇ ತುಂಬಬೇಕು. ‘ಈ ತೊಂದರೆಗಾಗಿ ರೋಗಿ ಮೊದಲ ಬಾರಿಗೆ ನಿಮ್ಮ ಬಳಿ ಬಂದದ್ದು ಯಾವಾಗ?’, ‘ಕಳೆದ ವರ್ಷಗಳಲ್ಲಿ ಇದಕ್ಕೆ ಸಂಬಂಧಿಸಿದ ಚಿಕಿತ್ಸೆ ಅಥವಾ ಔಷಧಿ ಇತ್ತೇ?’ ಎಂಬ ಪ್ರಶ್ನೆಗಳು ಅದರಲ್ಲಿ ಇದ್ದೇ ಇರುತ್ತವೆ. ವೈದ್ಯರು ಜೂನ್ ಎಂದು ಬರೆಯುತ್ತಾರೆ, ಬರೆಯಲೇಬೇಕು. ನವೀಕರಣದ ಘೋಷಣೆಯಲ್ಲಿ ‘ಯಾವ ಬದಲಾವಣೆಯೂ ಇಲ್ಲ’ ಎಂದು ಗುರುತು ಹಾಕಿದ್ದರೆ, ಆ ಎರಡು ಕಾಗದಗಳು ಒಂದೇ ಕಡತದಲ್ಲಿ ಎದುರುಬದುರಾಗಿ ನಿಲ್ಲುತ್ತವೆ.

‘ದಿನಕ್ಕೊಂದು ಮಾತ್ರೆ ತಾನೆ’ ಎಂದು ನಿಮ್ಮ ಪತಿಗೆ ಅನಿಸುವುದು ನನಗೆ ಅರ್ಥವಾಗುತ್ತದೆ. ಆದರೆ ರಕ್ತದೊತ್ತಡವನ್ನು ವಿಮಾ ಕಂಪನಿ ಒಂಟಿಯಾಗಿ ನೋಡುವುದಿಲ್ಲ. ಅದಕ್ಕೆ ಸಂಬಂಧಿಸಿದ್ದು ಎಂದು ಪರಿಗಣಿಸುವ ಪಟ್ಟಿಯಲ್ಲಿ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ತೊಂದರೆ ಎಲ್ಲವೂ ಬರಬಹುದು. ಮಾತ್ರೆಯನ್ನು ಮುಚ್ಚಿಟ್ಟರೆ ಪಣಕ್ಕೆ ಬೀಳುವುದು ಪ್ರವಾಸದ ಮುಂಗಡ ಮಾತ್ರವಲ್ಲ, ಪರದೇಶದ ಆಸ್ಪತ್ರೆಯ ತುರ್ತು ಚಿಕಿತ್ಸೆ ಮತ್ತು ಅಲ್ಲಿಂದ ರೋಗಿಯನ್ನು ಮಲಗಿಸಿಕೊಂಡು ಊರಿಗೆ ತರುವ ವೆಚ್ಚ. ಮುಂಗಡ ಹೋದರೆ ಒಂದು ವರ್ಷ ಬೇಸರವಾಗುತ್ತದೆ. ಇನ್ನೊಂದು ಹೊರೆ ಕುಟುಂಬವನ್ನು ವರ್ಷಗಟ್ಟಲೆ ಸಾಲದಲ್ಲಿ ನಿಲ್ಲಿಸಬಲ್ಲದು. ಹೇಳಿದರೆ ಪ್ರೀಮಿಯಂ ಏರಬಹುದು ಎಂಬುದು ನಿಜ. ನಿಯಂತ್ರಣದಲ್ಲಿರುವ ರಕ್ತದೊತ್ತಡಕ್ಕೆ ಏನೂ ಏರದಿರುವುದನ್ನೂ, ಸ್ವಲ್ಪವಷ್ಟೇ ಏರುವುದನ್ನೂ ನಾನು ಬಹಳ ಸಲ ನೋಡಿದ್ದೇನೆ. ನಿಮ್ಮಲ್ಲಿ ತೊಡಕಿರುವುದು ಮಾತ್ರೆಗಿಂತ ಹೆಚ್ಚಾಗಿ ಬೇರೆ ಎರಡು ಸಂಗತಿಗಳಲ್ಲಿ: ಎದೆನೋವಿಗೆಂದು ಆಸ್ಪತ್ರೆಗೆ ಹೋದದ್ದು ಮತ್ತು ಬಾಕಿ ಇರುವ ತಪಾಸಣೆ.

‘ಫಲಿತಾಂಶ ಬರಬೇಕಿರುವ ಪರೀಕ್ಷೆಗಳಿವೆಯೇ?’ ಎಂದು ಘೋಷಣೆಯಲ್ಲಿ ಕೇಳುತ್ತಾರೆ. ಔಷಧಿ ಹೊಂದಿದೆಯೇ ಎಂದು ನೋಡುವ ಮಾಮೂಲಿ ತಪಾಸಣೆ ಒಂದು ಬಗೆ, ಕಾರಣ ಇನ್ನೂ ತಿಳಿಯದೆ ಹುಡುಕುತ್ತಿರುವ ಪರೀಕ್ಷೆ ಇನ್ನೊಂದು ಬಗೆ. ಎರಡನೆಯದನ್ನು ಕಂಡರೆ ಕಂಪನಿಗಳು ಹಿಂಜರಿಯುತ್ತವೆ, ಫಲಿತಾಂಶ ಬರುವವರೆಗೆ ರಕ್ಷಣೆ ಕೊಡಲು ಒಪ್ಪದಿರಬಹುದು. ಆದ್ದರಿಂದ ಈ ವಾರವೇ ವೈದ್ಯರನ್ನು ಕಂಡು ಎರಡು ವಿಷಯ ಕೇಳಿ. 27ರದ್ದು ಮಾಮೂಲಿ ತಪಾಸಣೆಯೇ? ಮಾಮೂಲಿಯಾದರೆ, ವೈದ್ಯಕೀಯವಾಗಿ ಅಡ್ಡಿಯಿಲ್ಲದಿದ್ದರೆ, ಆಗಸ್ಟ್ ಮೊದಲ ವಾರಕ್ಕೆ ತರಬಹುದೇ? ದಿನ ನಿರ್ಧರಿಸಬೇಕಾದವರು ವೈದ್ಯರೇ, ವಿಮೆಗಾಗಿ ಚಿಕಿತ್ಸೆಯ ಕ್ರಮ ಬದಲಿಸುವುದು ಬೇಡ. ಆದರೆ ತಪಾಸಣೆ ಮುಂಚೆಯೇ ಆಗಿ ‘ರಕ್ತದೊತ್ತಡ ನಿಯಂತ್ರಣದಲ್ಲಿದೆ, ಪ್ರಯಾಣಕ್ಕೆ ಅಡ್ಡಿಯಿಲ್ಲ’ ಎಂಬ ಒಂದು ಸಾಲು ಬರವಣಿಗೆಯಲ್ಲಿ ಸಿಕ್ಕರೆ, ನವೀಕರಣದ ಮಾತುಕತೆ ಸಲೀಸಾಗುತ್ತದೆ, ಆಗಸ್ಟ್ 14ರ ಪ್ರಯಾಣಕ್ಕೂ ಧೈರ್ಯ ಬರುತ್ತದೆ. ಒಂದು ವೇಳೆ ಫಲಿತಾಂಶ ಚೆನ್ನಾಗಿ ಬರದೆ ವೈದ್ಯರು ಪ್ರಯಾಣ ಬೇಡ ಎಂದರೆ, ಹಳೆಯ ಪಾಲಿಸಿ ಇನ್ನೂ ಜಾರಿಯಲ್ಲಿರುತ್ತದೆ. ಎರಡೂ ಪ್ರವಾಸಗಳನ್ನು ನೀವು ಕಾಯ್ದಿರಿಸಿದ್ದು ಜೂನ್‌ಗಿಂತ ಮೊದಲು. ಹಾಗಾಗಿ ಆ ಪಾಲಿಸಿಯ ಲೆಕ್ಕದಲ್ಲಿ ಈ ಕಾಯಿಲೆ ಹೊಸದಾಗಿ ಬಂದದ್ದು, ರದ್ದತಿ ಕ್ಲೇಮ್‌ಗೆ ಬಲವಿರುತ್ತದೆ. ಕೆಲವು ಪಾಲಿಸಿಗಳು ವರ್ಷದ ನಡುವೆ ಆರೋಗ್ಯ ಬದಲಾದಾಗಲೂ ತಿಳಿಸಬೇಕು ಎನ್ನುತ್ತವೆ. ನಿಮ್ಮದರಲ್ಲಿ ಹಾಗಿದ್ದು ಇನ್ನೂ ತಿಳಿಸಿಲ್ಲವಾದರೆ, ಇವತ್ತೇ ತಿಳಿಸಿ.

ಹೇಳಿದ ಮೇಲೆ ಕಂಪನಿ ಹಾಗೆಯೇ ಒಪ್ಪಬಹುದು, ಹೆಚ್ಚುವರಿ ಪ್ರೀಮಿಯಂ ಕೇಳಬಹುದು, ಅಥವಾ ಆ ಕಾಯಿಲೆಯನ್ನು ಹೊರಗಿಟ್ಟು ಉಳಿದದ್ದಕ್ಕೆ ಮಾತ್ರ ರಕ್ಷಣೆ ಕೊಡಬಹುದು. ಮೊದಲೆರಡರಲ್ಲಿ ಯೋಚಿಸುವುದೇನೂ ಇಲ್ಲ, ಒಪ್ಪಿಕೊಂಡು ಪತ್ರ ಪಡೆದುಕೊಳ್ಳಿ. ಹೊರಗಿಟ್ಟರೆ ಮಾತ್ರ ಯೋಚಿಸಬೇಕು. ಕಾಯಿಲೆ ಇರುವವರಿಗೇ ಪಾಲಿಸಿ ಕೊಡುವ ಕಂಪನಿಗಳಿವೆ, ಅಲ್ಲಿ ವಿಚಾರಿಸಬಹುದು. ಆ ಒಂದು ರಕ್ಷಣೆಯಿಲ್ಲದೆ ಪ್ರಯಾಣ ಮಾಡುವುದು ಇನ್ನೊಂದು ದಾರಿ, ನಾನು ಅದನ್ನು ಸಲಹೆ ಮಾಡಲಾರೆ. ಹಳೆಯ ಪಾಲಿಸಿ ಜಾರಿಯಲ್ಲಿರುವಾಗಲೇ ಸೆಪ್ಟೆಂಬರ್ ಪ್ರವಾಸವನ್ನು ರದ್ದು ಮಾಡುವುದು ಮೂರನೆಯದು. ಹೊಸ ಕಾಯಿಲೆಗೆ ರಕ್ಷಣೆ ಮುಂದುವರಿಸಲಾಗದಿದ್ದಾಗ ರದ್ದತಿಯ ಹಣ ಕೊಡುವ ಪಾಲಿಸಿಗಳಿವೆ. ವೈದ್ಯರು ಬೇಡ ಎನ್ನದಿದ್ದರೆ ಅದು ನಿಮ್ಮದೇ ಮನಸ್ಸಿನ ಬದಲಾವಣೆ ಎಂದು ಹಣ ನಿರಾಕರಿಸುವ ಪಾಲಿಸಿಗಳೂ ಇವೆ. ರದ್ದು ಮಾಡುವ ಮೊದಲೇ ಬರವಣಿಗೆಯಲ್ಲಿ ಕೇಳಿ, ಉತ್ತರ ಬಂದ ಮೇಲೆ ರದ್ದು ಮಾಡಿ. ಕ್ರಮ ತಿರುವುಮುರುವಾಗಬಾರದು.

ಅಗ್ಗದ ಕಂಪನಿಗೆ ಬದಲಾಗುವ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಈ ವರ್ಷ ಬೇಡ. ಕಾರಣ ಪ್ರೀಮಿಯಂನಲ್ಲಿಲ್ಲ. ಆಗಸ್ಟ್ 18ಕ್ಕೆ, ನೀವು ಮೊದಲ ಪ್ರವಾಸದಲ್ಲಿರುವಾಗ, ನಿಮ್ಮ ಪತಿಗೆ ಮತ್ತೆ ಎದೆ ಹಿಡಿಯಿತು ಎಂದುಕೊಳ್ಳಿ (ಹಾಗಾಗದಿರಲಿ). ಎರಡು ದಿನ ವಿಶ್ರಾಂತಿ ತೆಗೆದುಕೊಂಡು ನೋಡೋಣ ಎಂದು ಸುಮ್ಮನಿರುತ್ತೀರಿ. 24ಕ್ಕೆ ಅಲ್ಲಿಯ ವೈದ್ಯರು ಸೆಪ್ಟೆಂಬರ್ ಪ್ರಯಾಣ ಬೇಡ ಎನ್ನುತ್ತಾರೆ. ಹಳೆಯ ಕಂಪನಿ ‘ನಮ್ಮ ಪಾಲಿಸಿ 20ಕ್ಕೇ ಮುಗಿದಿತ್ತು, ಅಂದು ನೀವು ರದ್ದು ಮಾಡಿರಲಿಲ್ಲ’ ಎನ್ನುತ್ತದೆ. ಹೊಸ ಕಂಪನಿ ‘ನಮ್ಮ ಪಾಲಿಸಿ ಶುರುವಾಗುವ ಮೊದಲೇ ನಿಮಗೆ ಲಕ್ಷಣ ಗೊತ್ತಿತ್ತು’ ಎನ್ನುತ್ತದೆ. ಇಬ್ಬರ ಮಾತೂ ಅವರವರ ಷರತ್ತಿನ ಪ್ರಕಾರ ಸರಿಯಿರಬಹುದು, ನಡುವೆ ಬಿದ್ದವರು ಮಾತ್ರ ನೀವು. ಎರಡು ಚಾವಣಿಗಳ ನಡುವಿನ ಸಂದಿಯಲ್ಲೇ ಮಳೆ ಸುರಿಯುವುದು ಇಂಥ ಕಡತಗಳಲ್ಲಿ. ಅದೇ ಕಂಪನಿಯಲ್ಲಿ ಒಂದು ದಿನವೂ ತಪ್ಪದಂತೆ ನವೀಕರಿಸಿದ್ದರೆ ಎರಡೂ ಅವಧಿಗಳ ಹೊಣೆ ಒಬ್ಬರ ಮೇಲೇ ಇರುತ್ತದೆ. ನಿರಂತರವಾಗಿ ನವೀಕರಿಸಿದವರಿಗೆ ಈ ಸಂದಿಯನ್ನು ಮುಚ್ಚುವ ಷರತ್ತನ್ನು ಕೆಲವು ಪಾಲಿಸಿಗಳು ಬರೆದೇ ಇಡುತ್ತವೆ. ಷರತ್ತು ಇಲ್ಲದಿದ್ದರೂ ವಾದಿಸಲು ಒಂದೇ ಬಾಗಿಲು ಇರುತ್ತದೆ.

ಬದಲಾಗಲೇಬೇಕು ಎಂದಾದರೆ, ಮುಂದಿನ ಪ್ರವಾಸಕ್ಕೆ ಏನನ್ನೂ ಕಾಯ್ದಿರಿಸಿರದ ಹೊತ್ತಿನಲ್ಲಿ ಬದಲಾಗಿ. ಆಗ ಅಗ್ಗ ಎಂಬುದನ್ನೂ ಸರಿಯಾಗಿ ಅಳೆಯಬಹುದು: ರದ್ದತಿಗೆ ಒಬ್ಬರಿಗೆ ಎಷ್ಟು ಮಿತಿ, ಮೊದಲು ನೀವೇ ಭರಿಸಬೇಕಾದ ಪಾಲು ಎಷ್ಟು, ಒಂದು ಪ್ರವಾಸಕ್ಕೆ ಗರಿಷ್ಠ ಎಷ್ಟು ದಿನ, ಯಾವ ದೇಶಗಳು ಹೊರಗೆ. ಎರಡು ಪಾಲಿಸಿಗಳನ್ನು ಒಂದರ ಮೇಲೊಂದು ಇಟ್ಟುಕೊಂಡರೆ ಎರಡು ಪಟ್ಟು ಹಣ ಸಿಗುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಆದ ನಷ್ಟಕ್ಕಿಂತ ಹೆಚ್ಚು ಎಲ್ಲೂ ಸಿಗುವುದಿಲ್ಲ, ಎರಡೂ ಕಂಪನಿಗಳು ಹಂಚಿಕೊಂಡು ಕೊಡುತ್ತವೆ.

ಸೆಪ್ಟೆಂಬರ್ ಪ್ರವಾಸಕ್ಕಷ್ಟೇ ಪ್ರತ್ಯೇಕವಾಗಿ ಏಕ ಪ್ರವಾಸ ಪಾಲಿಸಿ ಕೊಳ್ಳುವ ದಾರಿಯನ್ನು ನೀವು ಕೇಳಿಲ್ಲ, ಆದರೆ ಹೇಳುವುದು ಒಳ್ಳೆಯದು. ಅದು ಕೊಂಡ ದಿನದಿಂದ ಮರಳಿ ಬರುವವರೆಗೆ ಒಂದೇ ಒಪ್ಪಂದ, ನಡುವೆ ನವೀಕರಣದ ದಿನಾಂಕವೇ ಬರುವುದಿಲ್ಲ. ಮಾರ್ಚ್‌ನಲ್ಲಿ ಕಾಯ್ದಿರಿಸಿದ ದಿನವೇ ಇದನ್ನು ಕೊಂಡಿದ್ದರೆ, ಜೂನ್‌ನ ಕಾಯಿಲೆ ಆ ಒಪ್ಪಂದದೊಳಗೇ ಹೊಸದಾಗಿ ಬಂದದ್ದಾಗುತ್ತಿತ್ತು. ಈಗ ಕೊಂಡರೆ ಆ ಲಾಭವಿಲ್ಲ, ಜೂನ್‌ನ ವಿಷಯವನ್ನು ಇಲ್ಲೂ ಹೇಳಲೇಬೇಕು. ಆದರೂ ನಿಮ್ಮ ಕಂಪನಿ ನವೀಕರಣದಲ್ಲಿ ತೊಡಕು ಮಾಡಿದರೆ ಇದು ಉಪಯೋಗಕ್ಕೆ ಬರುವ ದಾರಿ. ಮುಂದಿನ ವರ್ಷ ನವೀಕರಣದ ದಿನಾಂಕದ ಆಚೆಗೆ ದೊಡ್ಡ ಮೊತ್ತದ ಪ್ರವಾಸ ಕಾಯ್ದಿರಿಸುವಾಗ ಮೊದಲ ದಿನವೇ ಇದರ ಬಗ್ಗೆ ಯೋಚಿಸಿ.

ಆಗಸ್ಟ್ 14ರಿಂದ 25ರ ಪ್ರವಾಸದ ವಿಷಯ ಸುಲಭ, ಆದರೆ ಅವಸರದ್ದು. ಪಾಲಿಸಿಯ ವರ್ಷ ನೀವು ಪರದೇಶದಲ್ಲಿರುವಾಗ ಮುಗಿಯುತ್ತದೆ. ‘ಪ್ರವಾಸ ಶುರುವಾಗುವುದೂ ಮುಗಿಯುವುದೂ ಪಾಲಿಸಿಯ ಅವಧಿಯೊಳಗೇ ಇರಬೇಕು’ ಎನ್ನುವ ಪಾಲಿಸಿಗಳಲ್ಲಿ, ನವೀಕರಿಸದಿದ್ದರೆ 21ರಿಂದ 25ರವರೆಗೆ ನೀವು ರಕ್ಷಣೆಯಿಲ್ಲದೆ ಇರುತ್ತೀರಿ. ಅಲ್ಲಿಂದಲೇ ಹೊಸದನ್ನು ಕೊಳ್ಳೋಣ ಎಂದರೆ, ಪಾಲಿಸಿ ಕೊಳ್ಳುವಾಗ ನೀವು ವಾಸದ ದೇಶದಲ್ಲೇ ಇರಬೇಕು ಎಂಬ ಷರತ್ತು ಹೆಚ್ಚಿನ ಕಡೆ ಅಡ್ಡ ಬರುತ್ತದೆ. ತಾನೇ ನವೀಕರಣವಾಗುತ್ತದೆ ಎಂದು ನಂಬಿ ಹೋಗಬೇಡಿ. ಕಾರ್ಡಿನ ಅವಧಿ ಮುಗಿದು ಹಣ ಕಡಿತವಾಗದೆ, ಪಾಲಿಸಿ ಇಲ್ಲವಾದದ್ದು ಆಸ್ಪತ್ರೆಯಲ್ಲಿ ಗೊತ್ತಾದ ಪ್ರಕರಣ ನೋಡಿದ್ದೇನೆ. ತಾನಾಗಿ ಆಗುವ ನವೀಕರಣದಲ್ಲಿ ಇನ್ನೂ ಒಂದು ತೊಂದರೆ ಇದೆ: ಹಣ ಕಡಿತವಾಗುತ್ತದೆ, ಆರೋಗ್ಯದ ಪ್ರಶ್ನೆಗಳಿಗೆ ಹಳೆಯ ಉತ್ತರಗಳೇ ಉಳಿದುಬಿಡುತ್ತವೆ. 14ಕ್ಕೆ ಮುಂಚೆಯೇ ನವೀಕರಿಸಿ, ಹೊಸ ಅವಧಿ ಆಗಸ್ಟ್ 21ರ 00:00ಕ್ಕೆ ಶುರುವಾಗುವ ಪಾಲಿಸಿ ಪತ್ರವನ್ನು ಮೊಬೈಲಿನಲ್ಲೂ ಕಾಗದದಲ್ಲೂ ಇಟ್ಟುಕೊಂಡು ಹೊರಡಿ. ನವೀಕರಿಸಿದ ದಿನಕ್ಕೂ 21ಕ್ಕೂ ನಡುವೆ ಆರೋಗ್ಯದಲ್ಲಿ ಏನಾದರೂ ಬದಲಾದರೆ ಅದನ್ನೂ ಕಂಪನಿಗೆ ತಿಳಿಸಬೇಕು.

ಅತ್ತೆಯವರು ಪ್ರಯಾಣ ಮಾಡುವವರಲ್ಲ, ಆದರೂ ಅವರ ಕಾಯಿಲೆಯಿಂದ ನಿಮ್ಮ ಪ್ರವಾಸ ರದ್ದಾಗಬಹುದು. ಹತ್ತಿರದ ಸಂಬಂಧಿಯ ಗಂಭೀರ ಕಾಯಿಲೆ ಅಥವಾ ಸಾವು ರದ್ದತಿಗೆ ಒಪ್ಪುವ ಕಾರಣಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಗಂಡನ ಅಥವಾ ಹೆಂಡತಿಯ ತಂದೆ ತಾಯಿಯನ್ನೂ ಸೇರಿಸಿ. ಆದರೆ ನವೀಕರಣದ ದಿನಕ್ಕೆ ಮುಂಚಿನ ತಿಂಗಳುಗಳಲ್ಲಿ ಅವರು ಆಸ್ಪತ್ರೆ ಸೇರಿದ್ದರೆ, ಔಷಧಿ ಬದಲಾಗಿದ್ದರೆ, ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದರೆ, ಅದೇ ಕಾಯಿಲೆಯ ಕಾರಣದ ರದ್ದತಿಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ‘ಅಷ್ಟಕ್ಕಷ್ಟೆ’ ಎಂದಷ್ಟೇ ಬರೆದಿದ್ದೀರಿ. ಇದರಲ್ಲಿ ಯಾವುದು ಅನ್ವಯಿಸುತ್ತದೆ ನೋಡಿ, ಅದನ್ನೂ ಕಂಪನಿಯನ್ನು ಕೇಳಿ.

ರದ್ದು ಮಾಡುವ ಪರಿಸ್ಥಿತಿ ಬಂದರೆ ಒಂದೇ ಮಾತು: ತಡ ಮಾಡಬೇಡಿ. ಹೊರಡುವ ದಿನ ಹತ್ತಿರವಾದಷ್ಟೂ ಪ್ರವಾಸ ಸಂಸ್ಥೆಯ ರದ್ದತಿ ಶುಲ್ಕ ಏರುತ್ತದೆ. ವೈದ್ಯರು ಬೇಡ ಎಂದ ದಿನ ರದ್ದು ಮಾಡಿದ್ದರೆ ಎಷ್ಟು ಕಳೆದುಕೊಳ್ಳುತ್ತಿದ್ದಿರೋ ಅಷ್ಟನ್ನು ಮಾತ್ರ ವಿಮಾ ಕಂಪನಿ ಕೊಡುತ್ತದೆ, ಕಾದು ನೋಡಿದ ದಿನಗಳಲ್ಲಿ ಏರಿದ ಶುಲ್ಕ ನಿಮ್ಮದೇ.

ಈಗ ಕಂಪನಿಗೆ ಒಂದು ಪತ್ರ ಬರೆಯಿರಿ. ಫೋನ್ ಮಾತಿಗೆ ಆಧಾರ ಉಳಿಯುವುದಿಲ್ಲ, ಇಮೇಲ್ ಸಾಕು. ಹೀಗೆ ಬರೆಯಬಹುದು: ‘ನಮ್ಮ ಪಾಲಿಸಿ ಆಗಸ್ಟ್ 20ಕ್ಕೆ ಮುಗಿಯುತ್ತದೆ. ಮಾರ್ಚ್ ಮತ್ತು ಮೇ ತಿಂಗಳಲ್ಲಿ ಕಾಯ್ದಿರಿಸಿದ ಎರಡು ಪ್ರವಾಸಗಳಿವೆ, ದಿನಾಂಕಗಳು ಇಂತಿವೆ. ಜೂನ್‌ನಲ್ಲಿ ನನ್ನ ಪತಿಗೆ ಎದೆನೋವಿಗಾಗಿ ತಪಾಸಣೆಯಾಗಿ ರಕ್ತದೊತ್ತಡಕ್ಕೆ ಮಾತ್ರೆ ಆರಂಭವಾಗಿದೆ, ಮುಂದಿನ ತಪಾಸಣೆ ಇಂಥ ದಿನ. ಇದನ್ನು ದಾಖಲಿಸಿಕೊಂಡು, ನವೀಕರಿಸಿದ ಪಾಲಿಸಿಯಲ್ಲಿ ಈ ಎರಡೂ ಪ್ರವಾಸಗಳಿಗೆ, ಈ ಕಾಯಿಲೆಯನ್ನೂ ಸೇರಿಸಿ, ರದ್ದತಿ ಮತ್ತು ವೈದ್ಯಕೀಯ ರಕ್ಷಣೆ ಇದೆಯೇ ಎಂದು ತಿಳಿಸಿ. ಲಕ್ಷಣ ಆಗಸ್ಟ್ 20ರ ಮೊದಲು ಕಂಡು ರದ್ದತಿ ಅನಂತರ ಆದರೆ ಯಾವ ಪಾಲಿಸಿ ಅನ್ವಯಿಸುತ್ತದೆ? ನಮ್ಮೊಂದಿಗೆ ಪ್ರಯಾಣಿಸದ ಅತ್ತೆಯವರ ಆರೋಗ್ಯದ ಬಗ್ಗೆ ನಿಮ್ಮ ಷರತ್ತು ಏನು?’ ಉತ್ತರಕ್ಕೆ ಒಂದು ವಾರ ಕಾಯಿರಿ, ಬರದಿದ್ದರೆ ನೆನಪಿಸಿ. ಬಂದ ಉತ್ತರದಲ್ಲಿ ಅರ್ಥವಾಗದ ಸಾಲೇನಾದರೂ ಇದ್ದರೆ, ಪಾಲಿಸಿ ಸಂಖ್ಯೆಯನ್ನು ಅಳಿಸಿ ಆ ಪುಟವನ್ನು ನನಗೆ ಕಳುಹಿಸಿ, ಓದಿ ತಿಳಿಸುತ್ತೇನೆ.